ತುದಿ ತುಳಿಯದ ಕಾಂಚನಜುಂಗಾ

ಬ್ರಿಡ್ಜ್‌ವಾಟರ್‌ನ ದೇವಸ್ಥಾನದ ಕ್ಯಾಂಟೀನಿನಲ್ಲಿ ನನ್ನ ಚಿಕ್ಕಮ್ಮನ ಮಗಳು ಸುಧಾ ದೋಸೆ ಮುಟ್ಟದೆ ಫೋನನ್ನೇ ನೋಡುತ್ತಿದ್ದಳು. ಅವಳ ಮಗಳು ಅನಘಾ ಕಾಂಚನಜುಂಗಾ ಏರಲು ಹೋಗಿದ್ದಳು. ಅವಳಿರುವ ಜಾಗ ತೋರಿಸುವ ನೀಲಿ ಚುಕ್ಕಿ ಬೆಳಿಗ್ಗೆಯಿಂದ ಕದಲಿರಲಿಲ್ಲ.

"ತುದಿ ಮುಟ್ಟಿಯೇ ಬರ್ತಾಳೆ, ನೋಡ್ತಿರು," ಎಂದೆ.

"ಇಲ್ಲ ಅಕ್ಕಾ, ಅಲ್ಲಿ ತುದಿ ತುಳಿಯೋ ಹಾಗಿಲ್ಲ. ಅದು ದೇವರ ಜಾಗ. ಮೊದಲು ಹತ್ತಿದವರೇ ಸಿಕ್ಕಿಮ್‌ನವರಿಗೆ ಮಾತು ಕೊಟ್ಟು ನಾಲ್ಕು ಹೆಜ್ಜೆ ಕೆಳಗೆ ನಿಂತರಂತೆ. ಇವಳೂ ಪ್ರಾಮಿಸ್ ಮಾಡಿದಾಳೆ."

ಅಷ್ಟು ದೂರ ಹೋಗಿ ನಾಲ್ಕು ಹೆಜ್ಜೆ ಬಿಟ್ಟು ಬರುವುದೇ ಎಂದು ನಾನು ಬೆರಗಾಗಿರುವಾಗಲೇ ಫೋನ್ ಸದ್ದು ಮಾಡಿತು.

"ಟರ್ನಿಂಗ್ ಬ್ಯಾಕ್. ಟೂ ವಿಂಡಿ. ಐ ಆಮ್ ಓಕೆ, ಅಮ್ಮಾ."

ಸುಧಾ ಎರಡು ಸಲ ಓದಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು: "ಅಕ್ಕಾ, ಇಳಿಯುವಾಗಲೇ ಅಲ್ವಾ ಜಾಸ್ತಿ ಜನ ಬೀಳೋದು?"