ಅರ್ಧ ಗೇಣು ತಗ್ಗಿದ ಬಾಗಿಲು

ನಮ್ಮ ಭಾವನನ್ನು ಊರೆಲ್ಲ ‘ಅರ್ಧಗೇಣು’ ಅಂತ ಕರೆಯುತ್ತದೆ. ಆರಡಿ ಎತ್ತರದ ಬಡಗಿಗೆ ಇದೆಂಥ ಹೆಸರಪ್ಪಾ ಎಂದು ಹೊಸಬರು ನಗುತ್ತಾರೆ. ಕಥೆ ಹೇಳಲು ನೂರು ಜನ ಮುಂದೆ ಬರುತ್ತಾರೆ. ನಿಜ ಗೊತ್ತಿದ್ದವನು ನಾನೊಬ್ಬನೇ, ಗಾರೆ ಕೆಲಸದವನು, ಅವರ ಹೆಂಡತಿಯ ಒಡಹುಟ್ಟಿದ ತಮ್ಮ.

ನಮ್ಮ ದೇವಿ ಗುಡಿ ಪುರಾಣ ಕಾಲದ್ದೇನಲ್ಲ. ಮೊದಲು ತಗಡಿನ ಶೆಡ್ಡಿನಲ್ಲಿ ಒಂದು ಪಟ ಇತ್ತು, ಅಷ್ಟೇ. ಮೂವತ್ತು ವರ್ಷದ ಹಿಂದೆ ಬೀದಿಯವರೆಲ್ಲ ಸೇರಿ ಸಿಮೆಂಟಿನ ಗುಡಿ ಎಬ್ಬಿಸಿದರು. ಕಬ್ಬಿಣದ ಸರಳು ಕಟ್ಟಿ ಶಿಖರಕ್ಕೆ ಕಾಂಕ್ರೀಟು ಹಾಕಿದವನು ನಾನು, ಎಂಟು ಕಂಬದ ಮಂಟಪವೂ ನನ್ನದೇ. ಗರ್ಭಗುಡಿಯ ಬಾಗಿಲುವಾಡ ಮಾತ್ರ ಭಾವನದು. ಆ ಬಾಗಿಲಿಗೊಂದು ಲೆಕ್ಕವಿದೆ. ಮಂಟಪದಲ್ಲಿ ನಿಂತವರಿಗೆ ದೇವಿ ಪಾದದಿಂದ ಕಿರೀಟದವರೆಗೂ ಕಾಣಬೇಕು. ಅದಕ್ಕೇ ನಾನು ಶಿಲ್ಪಿಯ ಹತ್ತಿರ ಹೋಗಿ, ಪೀಠವೂ ಸೇರಿದಂತೆ ವಿಗ್ರಹದ ಎತ್ತರಕ್ಕೆ ಒಂದು ಬಿದಿರು ಕೋಲು ಕತ್ತರಿಸಿ ತಂದೆ. ಬರುವಾಗ ಬಸ್ಸಿನ ಬಾಗಿಲಿಗೆ ಸಿಕ್ಕಿ ಅದರ ತುದಿ ಸೀಳಿತು. ಸೀಳಿದ ಅರ್ಧ ಗೇಣನ್ನು ಕತ್ತರಿಸಿ ಎಸೆದೆ. ಭಾವನಿಗೆ ಹೇಳಿದರಾಯಿತು ಅಂದುಕೊಂಡೆ. ಮರೆತೇಬಿಟ್ಟೆ.

ಪ್ರತಿಷ್ಠೆಯ ದಿನ ಜನ ಕಿಕ್ಕಿರಿದಿದ್ದರು. ಪರದೆ ಸರಿಯಿತು. ದೇವಿ ಹಣೆಯವರೆಗೆ ಕಂಡಳು, ಕಿರೀಟ ಬಾಗಿಲಿನ ಮೇಲಿನ ಪಟ್ಟಿಯ ಹಿಂದೆ ಮರೆಯಾಗಿತ್ತು.

“ಯಾರದ್ರೀ ಈ ಅಳತೆ?” ಎಂದು ಸಮಿತಿಯ ಅಧ್ಯಕ್ಷರು ಗುಡುಗಿದರು.

“ಕೋಲಿಗೆ ಸರಿಯಾಗೇ ಮಾಡಿದ್ದೀನಲ್ಲ...” ಭಾವ ತಡವರಿಸುತ್ತ ನನ್ನ ಮುಖ ನೋಡಿದರು.

“ಕೋಲು ಸರಿಯಾಗೇ ಇತ್ತು,” ಅಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಬೆಳಿಗ್ಗೆ ವಿಗ್ರಹ ನಿಲ್ಲಿಸುವಾಗಲೇ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಕೋಲನ್ನು ಆಗಲೇ ಒಲೆಗೆ ಹಾಕಿ ಬಂದಿದ್ದೆ.

ಅಲ್ಲಿಂದಾಚೆ ಭಾವ ಬಾಗಿಲು ಮಾಡುವುದನ್ನೇ ಬಿಟ್ಟರು. ಸ್ಟೂಲು, ಬೆಂಚು, ಅಷ್ಟೇ. ಅದಕ್ಕೂ ಮೂರು ಮೂರು ಸಲ ಅಳೆದು, ಕೊನೆಗೆ ಅಕ್ಕನನ್ನು ಕೂಗಿ “ಇದೆಷ್ಟಿದೆ ನೋಡೇ” ಅನ್ನುತ್ತಾರೆ. “ಹೆಸರಿಗೆ ಬಡಗಿ ಇವರು, ಅಳತೆಯೆಲ್ಲಾ ನಂದೇ,” ಎಂದು ಅಕ್ಕ ಛೇಡಿಸುತ್ತಾಳೆ. ಅವಳ ಜೊತೆ ನಾನೂ ಹಲ್ಲು ಕಿರಿದಿದ್ದೇನೆ. ನೆನೆದರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ.

ಮೊನ್ನೆ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದರು. ಗುಡಿಯ ಇತಿಹಾಸ ಅಚ್ಚು ಹಾಕಿಸುತ್ತಾರಂತೆ. ಇಷ್ಟು ವರ್ಷ ಕಿರೀಟ ಕಾಣಲೆಂದು ಬಗ್ಗಿ ನೋಡಿ ನೋಡಿ ಜನಕ್ಕೆ ಅದೇ ಭಕ್ತಿಯಾಗಿಬಿಟ್ಟಿದೆ.

“ತಲೆ ಬಾಗಿದವರಿಗೇ ತಾಯಿ ಪೂರ್ತಿ ಕಾಣೋದು! ಗುಡಿ ಕಟ್ಟಿದವರು ನೀವು, ಎಂಥಾ ಯೋಚನೆ ಮೇಸ್ತ್ರಿಗಳೇ ನಿಮ್ದು! ಹಾಗಂತಲೇ ಬರೀತೀವಿ, ಶಾಲೂ ಹೊದಿಸ್ತೀವಿ,” ಅಂದರು.

ತಪ್ಪಾಗಿದ್ದಾಗ ಭಾವನದು, ಹೊಗಳಿಕೆ ಬಂದಾಗ ನನ್ನದು. ಕಾಫಿ ಲೋಟ ಕೆಳಗಿಟ್ಟೆ. ಅವರೆದುರೇ ನಡೆದದ್ದನ್ನೆಲ್ಲ ಒದರಿಬಿಟ್ಟೆ. ಪುಸ್ತಕದಲ್ಲಿ ಇದನ್ನೇ ಹಾಕಿ ಅಂದೆ. ನಾನು ಚಪ್ಪಲಿ ಮೆಟ್ಟಿಕೊಂಡು ಸೀದಾ ಭಾವನ ಮನೆಗೆ ಹೊರಟೆ.

ಭಾವ ಹಿತ್ತಲಲ್ಲಿ ಒಂದು ಬೆಂಚಿನ ಕಾಲು ಉಜ್ಜುತ್ತಿದ್ದರು.

“ಭಾವ, ಆ ಕೋಲು ಗಿಡ್ಡ ಇತ್ತು. ನಾನೇ ಕತ್ತರಿಸಿದ್ದು. ಗೊತ್ತಿದ್ದೂ ಸುಳ್ಳು ಹೇಳ್ದೆ.”

ಬೈಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ಕಾದೆ. ಅವರಿಗೆ ಎಲ್ಲ ಗೊತ್ತಿದೆ, ಅಕ್ಕನ ಮುಖ ನೋಡಿ ಸುಮ್ಮನಿದ್ದಾರೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಭಾವ ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಹಾಗಾದ್ರೆ ನಾನು ಮಾಡಿದ್ದು ಸರಿಯಾಗಿತ್ತೇನೋ?”

“ಸರಿಯಾಗಿತ್ತು ಭಾವ.”

“ನಿಜವಾಗ್ಲೂ ನಾನೇ ತಪ್ಪಿದ್ದು ಅಂದ್ಕೊಂಡಿದ್ದೆ ಕಣೋ. ಕೋಲು ನೀನು ತಂದಿದ್ದಲ್ವಾ, ಅದು ಹೇಗೆ ತಪ್ಪಿರುತ್ತೆ ಅಂತ.”