ವೇರೂಳಿನ ಬಾವಲಿ, ನನ್ನ ಬರಿಗೈ

ಬೆಳಿಗ್ಗೆ ಆರೂವರೆಗೆ ನಾಸಿಕದಿಂದ ಕೆಂಪು ಬಸ್ ಹೊರಟಾಗ ಸಣ್ಣಗೆ ಮಳೆ. ಕಿಟಕಿ ಪಕ್ಕದ ಸೀಟೇನೋ ಸಿಕ್ಕಿತು, ಆದರೆ ಕಿಟಕಿ ಮುಚ್ಚುತ್ತಿರಲಿಲ್ಲ. ನಿಫಾಡ ದಾಟುವಷ್ಟರಲ್ಲಿ ಎಡತೋಳು ಪೂರ್ತಿ ತೊಯ್ದಿತ್ತು. ಛತ್ರಪತಿ ಸಂಭಾಜಿನಗರಕ್ಕೆ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. ಯೇವಲೆಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಪೋಹೆ ಬಿಸಿಯಾಗಿತ್ತು, ಚಹಾ ಬರೀ ಸಕ್ಕರೆ.

ನಾನು ಹೊರಟಿದ್ದು ಗಿರಿಜಾ ಮೇಡಂ ಅವರ ಭಾಷಣ ಕೇಳಲು. ಮರುದಿನ ಅಲ್ಲಿನ ಒಂದು ಕಾಲೇಜಿನಲ್ಲಿ ಅದು ಇತ್ತು. ಅವರು ಗದಗದ ಕಡೆಯವರು, ವೈರಸ್ ವಿಜ್ಞಾನಿ. ಒಂದು ವೈರಸ್‌ಗೆ ಒಂದು ಲಸಿಕೆ ಎನ್ನುವ ಬದಲು ಅದರ ಇಡೀ ಬಳಗಕ್ಕೇ ಒಂದು ಲಸಿಕೆ ಮಾಡಬಹುದೇ ಎಂದು ಹುಡುಕುವುದರಲ್ಲೇ ಅವರ ಆಯುಷ್ಯ ಹೋಗಿದೆ. ನನ್ನದು ಸಾತಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಅಳೆದು ನೋಡುವ ಕೆಲಸ. ಅಪ್ಪ ಓಝರ್ ಬಳಿಯ ವಿಮಾನ ಕಾರ್ಖಾನೆಯ ಟೆಕ್ನಿಶಿಯನ್. ವೈರಸ್ ಬಗ್ಗೆ ನಾನು ಕಲಿತದ್ದೆಲ್ಲ ಮೊಬೈಲಿನಲ್ಲಿ, ಶಿಫ್ಟು ಮುಗಿದ ಮೇಲೆ. ಮೇಡಂ ಹತ್ತಿರ ಒಂದು ಮಾತು ಕೇಳಬೇಕಿತ್ತು: ನಿಮ್ಮ ಲ್ಯಾಬಿನಲ್ಲಿ ಕಸ ಗುಡಿಸುವ ಕೆಲಸವಾದರೂ ಸಿಗುತ್ತದೆಯೇ?

ಹನ್ನೊಂದೂವರೆಗೆ ಇಳಿದೆ. ಮಧ್ಯಾಹ್ನ ಖಾಲಿ ಇತ್ತು, ವೇರೂಳಿನ, ಅಂದರೆ ಎಲ್ಲೋರಾದ, ಶೇರ್ ಜೀಪು ಹತ್ತಿದೆ. ಗುಹೆಗಳಲ್ಲಿ ಬಾವಲಿಗಳಿವೆ ಎಂದು ಓದಿದ್ದೆ, ನನಗೆ ಶಿಲ್ಪಕ್ಕಿಂತ ಅವೇ ಮುಖ್ಯ. ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿಕೊಂಡೆ. ಪಕ್ಕದ ಅಜ್ಜಿ ನೋಡಿ ನಕ್ಕಳು, "ಕಾಯ್ ಗ ಪೋರೀ, ಪರತ್ ಕೊರೋನಾ ಆಲಾ ಕಾ?" ಕೊರೋನಾ ಮತ್ತೆ ಬಂತೇನು ಹುಡುಗಿ ಎಂದು. ಜೀಪೆಲ್ಲ ನಕ್ಕಿತು, ನಾನೂ ನಕ್ಕೆ.

ಜನ ಕಡಿಮೆಯಿದ್ದ ಒಂದು ಗುಹೆಯಲ್ಲಿ ಹಿಕ್ಕೆಯ ವಾಸನೆ ಗಪ್ಪೆಂದು ಹೊಡೆಯಿತು. ಕಂಬದ ಬುಡದಲ್ಲಿ ಒಂದು ಬಾವಲಿ ಬಿದ್ದಿತ್ತು. ಸತ್ತಿದೆ ಅಂದುಕೊಂಡೆ. ರೆಕ್ಕೆ ಬಿಡಿಸಿ ಫೋಟೋ ತೆಗೆದು ಮೇಡಂಗೆ ತೋರಿಸಬೇಕು ಅನಿಸಿತು. ಎರಡೆರಡು ಮಾಸ್ಕ್ ಹಾಕಿದ್ದವಳು ಬರಿಗೈಯಲ್ಲಿ ಅದನ್ನು ಎತ್ತಿದೆ. ಹಿಂದಿನಿಂದ ಕಾವಲುಗಾರ "ಹಾತ್ ನಕಾ ಲಾವೂ!", ಮುಟ್ಟಬೇಡಿ, ಎಂದು ಕೂಗುವುದಕ್ಕೂ, ಅದು ತಿರುಗಿ ಬಲಗೈ ಹೆಬ್ಬೆರಳಿನ ಬುಡ ಕಚ್ಚುವುದಕ್ಕೂ ಸರಿಹೋಯಿತು.

ಸೂಜಿ ಚುಚ್ಚಿದಷ್ಟೇ ನೋವು. ರಕ್ತ ಸಾಸಿವೆಯಷ್ಟು. ಕೈಚೀಲದಲ್ಲಿದ್ದ ಸ್ಯಾನಿಟೈಸರ್ ಸುರಿದುಕೊಂಡೆ. ಹೊರಗೆ ಬಿಸಿಲು ಬಿದ್ದಿತ್ತು, ಸುಟ್ಟ ಮೆಕ್ಕೆತೆನೆ ಮಾರುತ್ತಿದ್ದರು, ಕೊಂಡೆ, ತಿನ್ನಲಾಗಲಿಲ್ಲ. ಬಾವಲಿಯಿಂದ ರೇಬೀಸ್ ಬರಬಹುದು. ಬಂದ ಮೇಲೆ ಔಷಧಿಯಿಲ್ಲ. ಇದು ನನಗೆ ಗೊತ್ತು. ಗೊತ್ತಿರುವುದೇ ಕಷ್ಟ.

ಆ ರಾತ್ರಿ ಇಳಿದುಕೊಂಡಿದ್ದು ಅಪ್ಪನ ಗೆಳೆಯ ಪಾಟೀಲ ಕಾಕಾ ಮನೆಯಲ್ಲಿ. ಬ್ಯಾಂಕಿನವರು, ವಿಜಯಪುರದಿಂದ ವರ್ಗವಾಗಿ ಬಂದವರು. ಬಚ್ಚಲಲ್ಲಿ ಸಾಬೂನು ಹಚ್ಚಿ ತೊಳೆಯುತ್ತಲೇ ಇದ್ದೆ. ಅವರ ಹೆಂಡತಿ ಕಾಕು ಹೊರಗಿನಿಂದ ಕೂಗಿದರು, "ಎಷ್ಟ್ ತೊಳಿತೀಯವಾ, ಚರ್ಮ ಸುಲದು ಹೋಗ್ತದ! ರೊಟ್ಟಿ ಆರಾಕತ್ತಾವ."

ತಟ್ಟೆ ಮುಂದೆ ಕೂತಾಗ ಕಾಕಾ ಕೇಳಿದರು, "ಏನವಾ ವಿಜ್ಞಾನಿ, ಮಾರಿ ಯಾಕ ಸಪ್ಪಗಾಗೇದ? ಗುಹಾದಾಗ ದೆವ್ವ ಗಿವ್ವ ಕಂಡಿತೇನು?"

"ಬಸ್ಸಿನ್ಯಾಗ ಕೂತು ಸುಸ್ತಾಗೇದ್ರಿ ಕಾಕಾ."

ಹೇಳಿದ್ದರೆ ಆಗಲೇ ದವಾಖಾನೆಗೆ ಕರೆದೊಯ್ಯುತ್ತಿದ್ದರು. ಆದರೆ ಅಪ್ಪನಿಗೂ ಫೋನ್ ಹೋಗುತ್ತಿತ್ತು, ಮಾತು ಹರಡಿ ಮೇಡಂಗೂ ತಿಳಿಯುತ್ತಿತ್ತು. ಬಾವಲಿಯನ್ನು ಬರಿಗೈಯಲ್ಲಿ ಹಿಡಿದವಳನ್ನು ಯಾವ ಲ್ಯಾಬ್ ಒಳಗೆ ಬಿಡುತ್ತದೆ? ಭಾಷಣ ಮುಗಿಯಲಿ, ಆಮೇಲೆ ಸೂಜಿ ಹಾಕಿಸಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಕಾಕು ತಂಬಿಗೆಯಲ್ಲಿ ನೀರು ಕೊಟ್ಟರು. ಆ ರೋಗ ಹತ್ತಿದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಇಷ್ಟು ಬೇಗ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಒಂದೊಂದೇ ಗುಟುಕು ಕುಡಿದು, ಇಳಿಯಿತಾ ಎಂದು ಕಾದೆ. ಬೆಳಗಿನ ತನಕ ನಾಲ್ಕೈದು ಸಲ ಎದ್ದು ನೀರು ಕುಡಿದಿರಬೇಕು.

ಮರುದಿನ ಮೋಡ ಮುಸುಕಿತ್ತು. ಕಾಲೇಜಿನ ಹಾಲ್ ಅರ್ಧ ತುಂಬಿತ್ತು. ಮೇಡಂ ಗಿಡ್ಡಗಿದ್ದರು, ಮೈಕು ಬಗ್ಗಿಸಿಕೊಂಡೇ ಮಾತಾಡಿದರು. ಮೊದಲು ಒಂದೇ ವೈರಸ್ ಹಿಡಿದು ವರ್ಷಗಟ್ಟಲೆ ಕೂತದ್ದು, ಲಸಿಕೆ ಹತ್ತಿರ ಬರುವಷ್ಟರಲ್ಲಿ ಅದು ರೂಪ ಬದಲಿಸಿದ್ದು, ಹಣ ಕೊಡುವವರು ನಕ್ಕು ಕಳಿಸಿದ್ದು, ವಿದ್ಯಾರ್ಥಿಗಳು ಬೇಸತ್ತು ಬೇರೆ ಕಡೆ ಹೋಗಿದ್ದು, ಎಲ್ಲ ಹೇಳಿದರು. "ವೈರಸ್ ಅಂಗಿ ಬದಲಿಸುತ್ತದೆ, ಮೈಕಟ್ಟು ಬದಲಿಸುವುದು ಅದಕ್ಕೂ ಕಷ್ಟ. ನಾನು ಆ ಮೈಕಟ್ಟು ಹುಡುಕುತ್ತಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಅಂದರು. ಬಲಗೈ ಜೇಬಿನಲ್ಲಿಟ್ಟುಕೊಂಡು ಕೇಳಿದೆ.

ನಡುವೆ ಅವರ ಲ್ಯಾಬಿನ ಒಂದು ಪದ್ಧತಿ ಹೇಳಿದರು. ಬೆಳಗಿನ ಚಹಾ ಸುರಿಯುವ ಮೊದಲು ಪ್ರತಿಯೊಬ್ಬರೂ ನಿನ್ನೆ ಮಾಡಿದ ತಪ್ಪನ್ನು ಎಲ್ಲರೆದುರು ಹೇಳಬೇಕು. ಕೈಗವಸು ಹರಿದದ್ದು, ಸೂಜಿ ತಗುಲಿದ್ದು, ಯಾವುದಾದರೂ. ಹೇಳಿದವರಿಗೆ ಬೈಗುಳವಿಲ್ಲ. ಹೇಳದೆ ಸಿಕ್ಕಿಬಿದ್ದರೆ ಮಾತ್ರ ಲ್ಯಾಬಿನ ಬೀಗದ ಕೈ ವಾಪಸ್.

ಮುಗಿದ ಮೇಲೆ ಹತ್ತಿರ ಹೋದೆ. ಕೆಲಸ ಕೇಳಬೇಕೆಂದು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, "ಮೇಡಂ, ಈಗಿರೋ ರೇಬೀಸ್ ಲಸಿಕಿ ಬಾವಲಿ ವೈರಸ್‌ಗೂ ಕೆಲಸ ಮಾಡ್ತದೇನ್ರಿ?" ಅಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ಜೇಬು. "ಯಾವೂರವಾ ನೀನು?"

"ನಾಸಿಕ್ ರಿ. ಅವ್ವನ ಊರು ಬಾಗಲಕೋಟಿ."

"ಕೈ ತಗಿ."

ತೆಗೆದೆ. ಅವರ ಕೈಯಲ್ಲಿ ಆಗಷ್ಟೇ ಕೊಟ್ಟ ಚಹಾದ ಕಪ್ಪಿತ್ತು. ಅದನ್ನು ಕುಡಿಯದೆ ಮೇಜಿನ ಮೇಲಿಟ್ಟು, "ಹೇಳು" ಅಂದರು. ಎಲ್ಲ ಹೇಳಿದೆ, ಎರಡು ಮಾಸ್ಕಿನದು ಕೂಡ.

"ಎರಡೆರಡು ಮಾಸ್ಕು!" ಅಂದರು. "ಮೂಗಿಗೆ ಕೋಟೆ ಕಟ್ಟಿ ಕೈಗೆ ಬಾಗಿಲ ತಗದಿ. ನಡಿ."

ಆಟೋದಲ್ಲಿ ಅವರೇ ಜೊತೆಗೆ ಬಂದರು. ಕೇಳಿದೆ, "ನೀವು ಮಾಡೋ ಲಸಿಕಿ ಹಾಕಿಸ್ಕೊಂಡ್ರ?"

"ಅದು ಸದ್ಯ ಇಲಿಗೆ ಅಷ್ಟ ಸಿಗ್ತದ. ನೀ ಇಲಿ ಏನು?" ನಗಲಿಲ್ಲ ಅವರು. "ಕೇಳು. ಇದು ಖರೇ ರೇಬೀಸ್ ಇದ್ರ, ಈಗ ಹಾಕೋ ಸೂಜಿ ತಡೀತದ. ಅದರ ಬಳಗದ ಬ್ಯಾರೆ ವೈರಸ್, ಹತ್ತಿರದ ಬೀಗರಿದ್ರ, ಬಹಳ ಮಟ್ಟಿಗೆ ತಡೀತದ. ದೂರದ ಬೀಗರಿದ್ರ ಗೊತ್ತಿಲ್ಲ. ಆ ಗೊತ್ತಿಲ್ಲ ಅನ್ನೋದರಾಗ ನನ್ನ ಕೂದಲ ಬೆಳ್ಳಗಾಗ್ಯಾವ."

"ಅಂಜಿಕಿ ಆಗ್ತದ್ರಿ."

"ಆಗಲಿ. ನನಗೂ ದಿನಾ ಆಗ್ತದ. ಅಂಜಿಕಿ ಇಟ್ಕೊ, ಮುಚ್ಚಿ ಇಡಬ್ಯಾಡ."

ಸರಕಾರಿ ದವಾಖಾನೆಯಲ್ಲಿ ಮತ್ತೆ ನಲ್ಲಿಯ ಕೆಳಗೆ ಕೈ ಹಿಡಿಸಿದರು, ಗಾಯದ ಸುತ್ತ ಚುಚ್ಚಿದರು, ತೋಳಿಗೂ ಹಾಕಿದರು. ಗಾಯದ ಸೂಜಿಗೆ ಕಣ್ಣಲ್ಲಿ ನೀರು ಬಂತು. ಉಳಿದ ಡೋಸ್‌ಗಳನ್ನು ನಾಸಿಕದಲ್ಲಿ ತಪ್ಪದೆ ಹಾಕಿಸಿಕೊಳ್ಳಬೇಕು. ಬಾಗಿಲಲ್ಲಿ ಮೇಡಂ, "ಎಲ್ಲಾ ಡೋಸ್ ಮುಗದ ಮ್ಯಾಲ ಫೋನ್ ಮಾಡು. ಕೆಲಸದ ಮಾತು ಅವತ್ತ" ಅಂದರು. ನಾನು ಕೆಲಸ ಕೇಳಿಯೇ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹತ್ತಿದೆ. ವೈಜಾಪುರದಲ್ಲಿ ಮಳೆ ಜೋರಾಯಿತು. ಒದ್ದೆ ಹೊಲಗಳ ಮೇಲೆ ಬೆಳಕು ಇಳಿಯುತ್ತಿತ್ತು, ದೂರದಲ್ಲಿ ಹಾರಿದ್ದೆಲ್ಲ ಬಾವಲಿಯಂತೆ ಕಂಡಿತು, ನೋಡಿದರೆ ಕಾಗೆ. ಯೇವಲೆಯಲ್ಲಿ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದೆ. ಇಳಿಯಿತು. ಹೆಬ್ಬೆರಳ ಬುಡ ಬಾತು ಬಡಿಯುತ್ತಿತ್ತು.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಪ್ಪ ಶಿಫ್ಟು ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದರು. ಅವ್ವ ನನ್ನನ್ನು ನೋಡಿ ಗ್ಯಾಸ್ ಹಚ್ಚಿದಳು, "ಬಾ, ಮೊದಲ ಬಿಸಿ ಚಹಾ ಕುಡಿ."

"ತಡಿ ಅವ್ವಾ," ಅಂದೆ. ಒಲೆ ಆರಿಸಿ, ಬಲಗೈಯನ್ನು ಇಬ್ಬರ ಮುಂದೆ ಹಿಡಿದೆ. "ಚಹಾಕ್ಕಿಂತ ಮೊದಲ ಒಂದು ಹೇಳೂದದ."