ಕೀಲಿ ಹಾಕಿಟ್ಟ ಕಥೆ ಪುಸ್ತಕ

ಸೋಫಾದ ಬಣ್ಣಕ್ಕೆ ಹೊಂದುವ ಪುಸ್ತಕ ಯಾರಾದರೂ ಕೊಂಡದ್ದು ಕೇಳಿದ್ದೀರಾ? ನಾನು ಕಣ್ಣಾರೆ ನೋಡಿ ಬಂದೆ.

ಹೋದ ವಾರ ಅಕ್ಕನ ಮಗ ಮಲ್ಲಪ್ಪನ ಒಣದ್ರಾಕ್ಷಿ ಮಾಲು ನೋಡಲು ತಿಕೋಟಾಕ್ಕೆ ಹೋಗಿದ್ದೆ. ಅವನ ಹೊಸ ಮನೆಯ ಹಾಲ್‌ನಲ್ಲಿ ದೊಡ್ಡ ಗಾಜಿನ ಷೋಕೇಸು. ಅದರಲ್ಲಿ ಮಕ್ಕಳ ಕಥೆ ಪುಸ್ತಕಗಳು. ಎಲ್ಲ ಒಂದೇ ಎತ್ತರ, ಎಲ್ಲ ನೀಲಿ. ಸೋಫಾನೂ ನೀಲಿ. ವಿಜಯಪುರದ ಅಂಗಡಿಯಲ್ಲಿ ಆರಿಸಿ ತಂದನಂತೆ. ಷೋಕೇಸಿಗೆ ಕೀಲಿ ಬೇರೆ.

ಅವನ ಮಗಳು ಭಾಗ್ಯ ಆರನೇ ಕ್ಲಾಸು. ಪೇಪರ್ ಕೊಟ್ಟು ಓದು ಅಂದೆ. ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಎರಡನೇ ಸಾಲಿಗೇ ಸುಸ್ತಾದಳು. ಇಂಗ್ಲಿಷ್ ಮೀಡಿಯಂ ಮಾಮಾ, ಕನ್ನಡ ಅಷ್ಟಕ್ಕಷ್ಟೇ ಎಂದು ಮಲ್ಲಪ್ಪ ನಕ್ಕ. ಇಂಗ್ಲಿಷ್ ಪಾಠ ಓದಿಸಿದೆ. ಅಲ್ಲೂ ಅದೇ ಹಾಡು. (ಫೀಸು ಮಾತ್ರ ತಪ್ಪದೇ ಹೋಗುತ್ತದೆ.) ಹುಡುಗಿ ತಲೆ ತಗ್ಗಿಸಿದಳು. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ.

"ಕೀಲಿ ತಗಿ ಮಲ್ಲಪ್ಪಾ" ಅಂದೆ.

"ಹರೀತಾಳ್ರಿ ಮಾಮಾ. ಮಂದಿ ಬರೂ ಮನಿ, ಚಂದ ಕಾಣ್ಬೇಕಲ್ರಿ."

ಚೌಕಾಸಿ ವ್ಯಾಪಾರಿಯಾದ ನನಗೇನು ಹೊಸದೇ? ಕೀಲಿ ತೆಗೆಯದಿದ್ದರೆ ಮಾಲಿನ ಮಾತೂ ಇಲ್ಲ, ಚಹಾನೂ ಇಲ್ಲ ಎಂದು ಎದ್ದು ನಿಂತೆ. ಅವನ ಹೆಂಡತಿಯೇ ಒಳಗಿನಿಂದ ಕೀಲಿ ತಂದು ಬಾಗಿಲು ತೆಗೆದಳು.

ಭಾಗ್ಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಒಂದು ಪುಸ್ತಕ ಎಳೆದಳು. ತೆರೆಯಲಿಲ್ಲ. ಅಪ್ಪನ ಮುಖ ನೋಡಿದಳು.

"ಯಪ್ಪಾ, ಮ್ಯಾಲಿನ ಪ್ಲಾಸ್ಟಿಕ್ ಹರೀಲೇನು?"

ಅಂಗಡಿಯ ಪ್ಲಾಸ್ಟಿಕ್ಕನ್ನೂ ಯಾರೂ ಬಿಚ್ಚಿರಲಿಲ್ಲ!

ನೋಡ್ರಿ, ತಿಕೋಟಾ ಇರಲಿ, ಬಬಲೇಶ್ವರ ಇರಲಿ, ವಿಜಯಪುರದ ನಮ್ಮ ಜೋರಾಪುರ ಪೇಟೆಯೇ ಇರಲಿ, ಎಲ್ಲ ಕಡೆ ಇದೇ ಹಣೆಬರಹ. ರಿಮೋಟು ಮಗುವಿನ ಕೈಗೆ ಸಿಗುವಲ್ಲಿ, ಪುಸ್ತಕ ಗಾಜಿನ ಹಿಂದೆ. ಮೊಬೈಲು ಒಡೆದರೆ ಹೊಸದು ತರುತ್ತೀರಿ, ಪುಟ ಹರಿದರೆ ಬಡಿಯಲು ಏಳುತ್ತೀರಿ. ಇದು ಯಾವ ನ್ಯಾಯ?

ಪುಸ್ತಕ ಹಾಸಿಗೆ ಮೇಲೆ ಬಿದ್ದಿರಲಿ. ಎಣ್ಣೆ ಕಲೆ ಆದರೆ ಆಗಲಿ. ಅವ್ವ ರೊಟ್ಟಿ ಬಡಿಯುವಾಗ ಮಗು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಲಿ. ತಪ್ಪಿದರೆ ನಗಬೇಡಿ. ಮುಂದೇನಾಯಿತು ಅಂತ ಕೇಳಿ. ನಿಮಗೆ ಓದಲು ಬರದಿದ್ದರೂ ಕೇಳಲು ಬರುತ್ತದಲ್ಲ?

ಮಲ್ಲಪ್ಪ ಕೊನೆಗೆ ಮಗಳಿಗೆ, ಪ್ಲಾಸ್ಟಿಕ್ ನೀಟಾಗಿ ಹರಿ ಅಂದ.

ಅಷ್ಟು ಜೋಪಾನ ಮಾಡಿ ಉಳಿಸಿದ್ದು ಯಾರು ಓದಲಿ ಅಂತ?